ಮೇಜಿನ ಭಾನುವಾರ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಇವಳು ಯಾಕಿಷ್ಟು ನಡುಗಿದಳು ಅಂದುಕೊಳ್ಳುತ್ತಾರೆ. ಹಾಗಂತ ಬಾಯಿ ಸತ್ತವಳಲ್ಲ. ಚನ್ನರಾಯಪಟ್ಟಣದ ರಸ್ತೆಯಲ್ಲಿರುವ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವವರ ಜೊತೆ ಜಗಳಕ್ಕೂ ನಿಲ್ಲುತ್ತೇನೆ. ಮನುಷ್ಯರಾದರೆ ಸರಿ, ತಿರುಗಿ ಮಾತಾಡಬಹುದು. ದೇವರ ವಿಷಯ ಬಂದರೆ ಮಾತ್ರ ನನ್ನ ಕೈಕಾಲು ತಣ್ಣಗಾಗುತ್ತವೆ.

ಚಿಕ್ಕವಳಿದ್ದಾಗ ಕಟ್ಟಾಯದ ಹತ್ತಿರದ ಅಜ್ಜಿಯ ಊರಲ್ಲಿ ಊರಮ್ಮನ ಗುಡಿಗೆ ಹೆದರುತ್ತಿದ್ದೆ. ಮುಟ್ಟಾದಾಗ ಆ ಕಡೆ ಹಾದರೆ ಕಣ್ಣು ಹೋಗುತ್ತದೆ, ಹರಕೆ ಮರೆತರೆ ಮೈಮೇಲೆ ಗುಳ್ಳೆ ಏಳುತ್ತದೆ ಎಂದು ಕೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಆಸ್ಪತ್ರೆಗೆ ಸೇರಿದ. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದಿದ್ದ ಪಾಸ್ಟರೊಬ್ಬರು ಹೋಗುವಾಗ ಅಪ್ಪನ ಹಾಸಿಗೆಯ ಹತ್ತಿರವೂ ನಿಂತರು, ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅಪ್ಪ ಉಳಿಯಲಿಲ್ಲ. ಆದರೆ ಅವ್ವನ ಮನಸ್ಸಿನಲ್ಲಿ ಆ ಕೈ ಉಳಿದುಕೊಂಡಿತು. "ಅವ್ರೇನು ನಮ್ಗೆ ನೆಂಟ್ರಾ, ಇಷ್ಟ್ರಾ? ಯಾವ ಕೇರಿ, ಯಾರ ಪೈಕಿ ಅಂತ ಒಂದ್ ಮಾತು ಕೇಳ್ನಿಲ್ಲ ಕಣವ್ವ. ಬಂದು ಕೈ ಮಡುಗುದ್ರು," ಎಂದು ಎಷ್ಟೋ ಸಲ ಹೇಳಿದ್ದಾಳೆ. ಅದೇ ವರ್ಷ ಹೇಮಾವತಿ ಹೊಳೆಯಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ಪಡೆದಳು, ಕ್ರೈಸ್ತಳಾದಳು.

ಅಲ್ಲಿಂದ ನಮ್ಮ ಮನೆಯಲ್ಲಿ ದೇವರು ಬದಲಾದ, ಹೆದರಿಕೆ ಬದಲಾಗಲಿಲ್ಲ. ಅದು ತನ್ನ ಗಂಟುಮೂಟೆ ಹೊತ್ತುಕೊಂಡು ಹೊಸ ಮನೆಗೂ ಬಂತು.

ನಮ್ಮ ಸಭೆ ಹೊಳೆನರಸೀಪುರದಲ್ಲಿ ಕಾಯಿ ಮಂಡಿಯ ಹಿಂದಿನ ಗಲ್ಲಿಯಲ್ಲಿದೆ. ಶೀಟು ಹೊದಿಸಿದ ಒಂದು ಉದ್ದನೆಯ ಹಾಲ್, ಪಕ್ಕದಲ್ಲೇ ಪಾಸ್ಟರ ಮನೆ. ಅವರು ಅರಕಲಗೂಡಿನ ಕಡೆಯವರು, ಅಪ್ಪನ ಹಣೆಯ ಮೇಲೆ ಕೈಯಿಟ್ಟವರು ಅವರೇ. ಎತ್ತರದ ಆಳು, ಗಡಸು ದನಿ, ಮುಖದಲ್ಲಿ ನಗು ಅಪರೂಪ. ಕೃಪೆಯ ಬಗ್ಗೆ ಬಹಳ ಚೆನ್ನಾಗಿ ಬೋಧಿಸುತ್ತಾರೆ. ದೇವರು ಕೊಡುವುದು ನಾವು ಸಂಪಾದಿಸಿದ್ದಕ್ಕಲ್ಲ, ಸುಮ್ಮನೆ ಕೊಡುತ್ತಾನೆ ಅನ್ನುತ್ತಾರೆ. ಹಾಗೆಂದು ಮುಗಿಸಿದ ಮೇಲೆ ಅದೇ ಉಸಿರಿನಲ್ಲಿ, ಅಂಥ ದೇವರ ಮಕ್ಕಳು ಪರಿಶುದ್ಧರಾಗಿ ಬಾಳಬೇಕು ಎಂದು ಶುರು ಮಾಡುತ್ತಾರೆ: ಹೂ ಮುಡಿಯಬಾರದು, ಜಾತಕ ತೋರಿಸಬಾರದು, ತಾಯಿತ ಕಟ್ಟಬಾರದು, ವಿಗ್ರಹಕ್ಕೋ ಸತ್ತವರಿಗೋ ಇಟ್ಟ ಎಡೆ ತಿನ್ನಬಾರದು. ಜನ ಕೃಪೆಯನ್ನು ಕೇಳಿ ತಲೆದೂಗಿ, ನಿಯಮಗಳನ್ನು ಮನೆಗೆ ಕೊಂಡೊಯ್ಯುತ್ತಾರೆ. ಅವರದೇನೂ ತಪ್ಪಿಲ್ಲ. ನಿಯಮ ಕೈಗೆ ಸಿಗುತ್ತದೆ. ಇವತ್ತು ಪಾಲಿಸಿದೆನೋ ಇಲ್ಲವೋ ಎಂದು ರಾತ್ರಿ ಮಲಗುವಾಗ ನೋಡಿಕೊಳ್ಳಬಹುದು. ಕೃಪೆ ಸಿಕ್ಕಿದೆಯೋ ಇಲ್ಲವೋ ಎಂದು ಎಲ್ಲಿ ನೋಡಿಕೊಳ್ಳುವುದು?

ತಿಂಗಳ ಮೊದಲ ಭಾನುವಾರ ಕರ್ತನ ಮೇಜು. ಸಭೆಯವರೆಲ್ಲ ಅದನ್ನು ಮೇಜಿನ ಭಾನುವಾರ ಅನ್ನುತ್ತಾರೆ. ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜಿನ ಮೇಲೆ ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ಒಂದು ಸ್ಟೀಲ್ ಜಗ್ಗು. ಅದರೊಳಗೆ ದ್ರಾಕ್ಷಾರಸ. ಪಾಸ್ಟರ ಹೆಂಡತಿ ಶನಿವಾರ ಕಪ್ಪು ದ್ರಾಕ್ಷಿ ತಂದು, ಸಕ್ಕರೆ ಹಾಕಿ ಕುದಿಸಿ, ಹಿಂಡಿ ಸೋಸಿ ಇಡುತ್ತಾರೆ. ಪ್ರಾರ್ಥನೆ ಆಗುವವರೆಗೆ ಅದು ರಸ. ಪ್ರಾರ್ಥನೆ ಆದ ಮೇಲೆ ಪಾಸ್ಟರ ಕೈ ಬಿಟ್ಟು ಬೇರೆ ಕೈ ಅದನ್ನು ಮುಟ್ಟುವಂತಿಲ್ಲ. ಮಿಕ್ಕ ತೊಟ್ಟನ್ನೂ ಅವರೇ ಕುಡಿದು ಜಗ್ಗು ಮಗುಚುತ್ತಾರೆ.

ನಮ್ಮ ಸಭೆಗೆ ಇನ್ನೊಂದು ರೂಢಿಯಿದೆ, ಬೇರೆ ಕಡೆ ಇದೆಯೋ ಇಲ್ಲವೋ ಗೊತ್ತಿಲ್ಲ. ಮೇಜಿಗೆ ಮುಂಚೆ ಪಾಸ್ಟರು ಕಣ್ಣು ಮುಚ್ಚಿ, "ನಿಮ್ಮನ್ನು ನೀವೇ ಶೋಧಿಸಿಕೊಳ್ಳಿ" ಎಂದು ಸುಮ್ಮನಾಗುತ್ತಾರೆ. ಆ ಮೌನದಲ್ಲಿ, ಮನಸ್ಸು ಶುದ್ಧವಿಲ್ಲ ಅನ್ನಿಸಿದವರು ಮುಂದಿನ ಚಾಪೆಯಿಂದ ಎದ್ದು ಬಾಗಿಲ ಹತ್ತಿರದ ಹಿಂದಿನ ಚಾಪೆಗೆ ಹೋಗಿ ಕೂರಬೇಕು. ಕಣ್ಣು ಮುಚ್ಚಿರಬೇಕು ಎಂಬ ನಿಯಮವೇನೋ ಇದೆ. ಆದರೆ ಯಾರು ಎದ್ದರು ಎಂಬುದು ಮಾತ್ರ ಹೇಗೋ ಎಲ್ಲರಿಗೂ ಗೊತ್ತಾಗುತ್ತದೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಯಾರಾದರೊಬ್ಬರು ಮೆಲ್ಲಗೆ ಕೇಳಿಯೇ ಕೇಳುತ್ತಾರೆ, ಯಾಕಕ್ಕ, ಏನಾಯ್ತು ಎಂದು.

ಆ ಅವಮಾನಕ್ಕೆ ಅಂಜಿ ಎದ್ದು ಹೋಗದವರೂ ಇದ್ದರು. ಅಂಥವರಿಗೆ ಇನ್ನೊಂದು ಹೆದರಿಕೆ ಕಾದಿರುತ್ತಿತ್ತು. ಅಶುದ್ಧ ಮನಸ್ಸಿನಿಂದ ಆ ರೊಟ್ಟಿ ಮುರಿದವನು, ಆ ಪಾತ್ರೆಯಿಂದ ಕುಡಿದವನು, ತನ್ನ ಶಿಕ್ಷೆಯನ್ನು ತಾನೇ ನುಂಗುತ್ತಾನೆ ಎಂದು ಪಾಸ್ಟರು ಪ್ರತಿ ಸಲ ಎಚ್ಚರಿಸುತ್ತಿದ್ದರು. ಸಭೆಯ ಹೆಂಗಸರು ಅದಕ್ಕೆ ಪುರಾವೆಯನ್ನೂ ಇಟ್ಟುಕೊಂಡಿದ್ದರು. ಹಿಂದೆ ಯಾರೋ ಒಬ್ಬ ಡ್ರೈವರು ಅಣ್ಣನೊಂದಿಗೆ ಮುನಿಸಿಟ್ಟುಕೊಂಡೇ ಪಾತ್ರೆಯಿಂದ ಕುಡಿದನಂತೆ, ಅದೇ ವಾರ ಶಾಂತಿಗ್ರಾಮದ ಹತ್ತಿರ ಅವನ ಲಾರಿ ಮಗುಚಿತಂತೆ. ಅವನನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಯಾವಾಗಲಾದರೂ ಶಾಂತಿಗ್ರಾಮ ದಾಟುವಾಗ ಬಸ್ಸು ಎಡಕ್ಕೆ ವಾಲಿದರೆ ನನಗೆ ಅವನೇ ನೆನಪಾಗುತ್ತಾನೆ.

ಇದೇ ಕಾರಣಕ್ಕೆ ನಾನು ಇವತ್ತಿಗೂ ದೀಕ್ಷೆಗೆಂದು ನೀರಿಗಿಳಿದಿಲ್ಲ. ನೀರಿಗಿಳಿದರೆ ಮೇಜಿಗೆ ಹೋಗಬೇಕು, ಮೇಜಿಗೆ ಹೋದರೆ ಯೋಗ್ಯಳಾಗಿರಬೇಕು. ಅಷ್ಟು ಎದೆಗಾರಿಕೆ ನನಗೆಲ್ಲಿ? ಪ್ರತಿ ಭಾನುವಾರ ಅವ್ವನ ಜೊತೆ ಹೋಗಿ, ಮಕ್ಕಳೂ ದೀಕ್ಷೆಯಾಗದವರೂ ಕೂರುವ ಹಿಂದಿನ ಚಾಪೆಯಲ್ಲಿ ನೆಮ್ಮದಿಯಾಗಿ ಕೂರುತ್ತಿದ್ದೆ. ನನ್ನ ಪಕ್ಕದಲ್ಲಿ ಹೂ ಕಟ್ಟುವ ಹೆಂಗಸೊಬ್ಬಳು ಕೂರುತ್ತಿದ್ದಳು. ಅವಳಿಗೆ ದೀಕ್ಷೆಯಾಗಿತ್ತು. ಆದರೆ ಗುಡಿ ಬೀದಿಯ ಅಂಗಡಿಗೆ ಹಾರ ಕಟ್ಟಿ ಕೊಡುವುದೇ ಅವಳ ಹೊಟ್ಟೆಪಾಡು. ಮೇಜಿನ ದಿನ ಯಾರೂ ಹೇಳದಿದ್ದರೂ ತಾನಾಗಿ ಹಿಂದೆ ಬಂದು ಕೂತುಬಿಡುತ್ತಿದ್ದಳು.

ಅವ್ವ ಮಾತ್ರ ಯಾವತ್ತೂ ಮುಂದಿನ ಚಾಪೆ. ಒಂದೇ ಒಂದು ಸಲವೂ ಎದ್ದು ಹಿಂದೆ ಬಂದವಳಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಜಂಬವಿತ್ತು, ಮಗಳಾಗಿ ನಾನಲ್ಲದೆ ಇನ್ಯಾರು ಹೇಳಬೇಕು. ಸೆರಗು ಹೊದ್ದು ನೆಟ್ಟಗೆ ಕೂತ ಅವಳ ಬೆನ್ನು ನೋಡಿದರೆ ಸಾಕು, ಇವಳ ಲೆಕ್ಕ ದೇವರ ಹತ್ತಿರ ಚುಕ್ತಾ ಆಗಿದೆ ಅನ್ನಿಸುತ್ತಿತ್ತು. ಮನೆಗೆ ಬಂದ ಮೇಲೆ, "ಆ ಊವಿನೋಳು ಇವತ್ತೂ ಇಂದ್ಕೇ ಕೂತಿದ್ಲಾ?" ಎಂದು ಕೇಳುತ್ತಿದ್ದಳು. "ನಿಂಗ್ಯಾಕವ್ವ, ನೀನೇನು ಹಾಜರಿ ಹಾಕ್ತೀಯಾ?" ಎಂದು ನಾನು ಕೆಣಕಿದರೆ ಸಿಟ್ಟು ಬರುತ್ತಿತ್ತು.

ಹೀಗಿದ್ದವಳಿಗೆ ಒಂದು ವರ್ಷ ಮಾರ್ನೋಮಿ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಸತ್ತುಹೋದ ಹಿರಿಯರ ಹೆಸರಿಗೆ ಹೊಸ ಬಟ್ಟೆ ಇಟ್ಟು, ಅದರ ಮುಂದೆ ಮುದ್ದೆ, ಮಾಂಸದ ಸಾರು, ವಡೆ, ಅವರು ಬದುಕಿದ್ದಾಗ ಸೇದುತ್ತಿದ್ದ ಬೀಡಿ, ಎಲೆಯಡಿಕೆ ಎಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು ಒಳಗೆ ಹೋಗಿ ಆ ಎಡೆಯನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಅಜ್ಜಿಯ ಮನೆಯಲ್ಲಿರುವ ನಮ್ಮ ಮಾವ ತಾನು ಬೌದ್ಧನಾದೆ ಅನ್ನುತ್ತಾನೆ, ಬಿಳಿ ಶರ್ಟು ಹಾಕಿಕೊಂಡು ಹಾಸನದ ಮೀಟಿಂಗುಗಳಿಗೆ ಹೋಗುತ್ತಾನೆ. ಮಾರ್ನೋಮಿ ಬಂದರೆ ಮಾತ್ರ ಅವನ ಅಪ್ಪನಿಗೆ ಎಡೆ ತಪ್ಪಿಸುವುದಿಲ್ಲ. ಕೇಳಿದರೆ ಅದು ಬೇರೆ, ಇದು ಬೇರೆ ಅನ್ನುತ್ತಾನೆ. ಎರಡನ್ನೂ ಮಾಡಿ ಅವನು ನಿಶ್ಚಿಂತೆಯಿಂದ ನಿದ್ದೆ ಹೋಗುವುದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ದೀಕ್ಷೆಯಾದ ಮೇಲೆ ಅವ್ವ ಹಬ್ಬಕ್ಕೆ ತವರಿಗೆ ಹೋಗಿರಲಿಲ್ಲ. ಆ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಳು. ಈ ಸಲ ಬರದಿದ್ದರೆ ಇನ್ನು ಮಣ್ಣಿಗೇ ಬರಲಿ ಎಂದು ಹೇಳಿ ಕಳಿಸಿದ್ದಳು. ಅವ್ವ ಯೋಚಿಸಿ ಒಂದು ಉಪಾಯ ಮಾಡಿದಳು: ಹಬ್ಬದ ಮಾರನೆಯ ದಿನ ಹೋಗುವುದು, ಆಗ ಎಡೆ ಮುಗಿದಿರುತ್ತದೆ, ಅಜ್ಜಿಯನ್ನು ಕಂಡಂತೆಯೂ ಆಗುತ್ತದೆ. ನನಗೂ ಶಾಲೆಗೆ ರಜೆಯಿತ್ತು. ಇಬ್ಬರೂ ಹೊರಟೆವು.

ಅಜ್ಜಿ ಗೋಡೆಗೊರಗಿ ಕೂತಿದ್ದಳು. ಕಣ್ಣು ಪೂರಾ ಮಂಜು. ಮಗಳ ಮುಖವನ್ನು ಎರಡೂ ಕೈಯಿಂದ ತಡವಿ, ಬರಿಯ ಹಣೆ ತಡವಿದಳು. ಪಕ್ಕದಲ್ಲಿ ಮುಚ್ಚಿಟ್ಟಿದ್ದ ತಟ್ಟೆಯನ್ನು ಎಳೆದುಕೊಂಡಳು. ಮಗಳ ಪಾಲು ಎಂದು ಎಡೆಯಿಂದ ತೆಗೆದಿಟ್ಟು, ಬೆಳಗ್ಗೆ ಬಿಸಿ ಮಾಡಿಸಿ ಕಾದಿದ್ದಳು.

"ಬ್ಯಾಡ ಕಣವ್ವ, ಒಟ್ಟೆ ತುಂಬೈತೆ," ಎಂದಳು ಅವ್ವ.

"ನಿಮ್ಮಪ್ಪಂಗಿಟ್ಟಿದ್ದು ಕಣೆ. ಬಾಯ್ ತಗಿ," ಎಂದಳು ಅಜ್ಜಿ. ನಡುಗುವ ಬೆರಳಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಎಳೆಗೂಸಿಗೆ ಉಣ್ಣಿಸುವಂತೆ ಕೈ ಮುಂದೆ ಮಾಡಿದಳು. ಸಾರು ಮೊಣಕೈಗೆ ಇಳಿಯುತ್ತಿತ್ತು. ಬಾಯಿ ಎಲ್ಲಿದೆ ಎಂದು ಕಾಣದೆ ಆ ಕೈ ಅವ್ವನ ಗಲ್ಲಕ್ಕೆ ತಾಗಿತು, ಮೂಗಿಗೆ ತಾಗಿತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ತಟ್ಟೆ ಖಾಲಿಯಾಗುವವರೆಗೂ ಅಜ್ಜಿ ಬಿಡಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಲೇ ಇದ್ದಳು. ಮನೆ ಹತ್ತಿರ ಇಳಿದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಯಾರ್ಗೂ ಏಳ್ಬ್ಯಾಡ ಕಣವ್ವ. ಎಡೆ ತಿಂದ್ಬುಟ್ಟೆ. ಗೊತ್ತಿದ್ದೂ ಗೊತ್ತಿದ್ದೂ ತಿಂದ್ಬುಟ್ಟೆ."

"ಅಜ್ಜಿ ಕೈ ತುತ್ತು ಅಲ್ವೇನವ್ವ ಅದು," ಎಂದೆ.

"ನಮ್ಮವ್ವಂಗೆ ಅದು ತುತ್ತು. ಅವ್ನಿಗೆ?" ಎಂದು ಆಕಾಶದ ಕಡೆ ಕಣ್ಣು ಎತ್ತಿದಳು. ನಾನೂ ಒಮ್ಮೆ ಮೇಲೆ ನೋಡಿದೆ.

ಆ ವಾರದ ಕೊನೆಗೇ ಮೇಜಿನ ಭಾನುವಾರ. ಪಾಸ್ಟರಿಗೆ ಹೇಳಿಬಿಡು ಎಂದೆ, ಒಪ್ಪಲಿಲ್ಲ. ಅವರು ಗದರುತ್ತಾರೆ ಎಂದಲ್ಲ, ಆ ಗಡಸು ಮುಖ ತಿರುಗಿಸಿಕೊಂಡರೆ ತಾಳಲಾರೆ ಎಂದಳು. ಅಪ್ಪನ ಹಣೆಯ ಮೇಲಿಟ್ಟ ಕೈ ತನ್ನ ತಲೆಯ ಮೇಲಿಂದ ಎದ್ದುಹೋಗುತ್ತದೆ ಎಂಬುದು ಅವಳ ಭಯ. ಹೋಗಲಿ, ಈ ಸಲ ಹಿಂದೆ ಬಂದು ನನ್ನ ಪಕ್ಕ ಕೂತುಕೋ ಎಂದೆ. "ಆ ಊವಿನೋಳ ಪಕ್ಕವಾ?" ಎಂದಳು. ಸಭೆಗೇ ಹೋಗದೆ ಮನೆಯಲ್ಲಿದ್ದುಬಿಡು ಎಂದರೆ, ಮೇಲಿನವನಿಂದ ಅಡಗಿ ಕೂರಲು ನಮ್ಮ ಮನೆಯಲ್ಲಿ ಯಾವ ಮೂಲೆಯಿದೆ ಎಂದು ಕೇಳಿದಳು. ಹೀಗೆ ಒಂದೊಂದೇ ಬಾಗಿಲು ಹಾಕಿಕೊಂಡು ಕೊನೆಗೆ ತಾನೇ ದಾರಿ ಕಂಡುಕೊಂಡಳು. ಶುಕ್ರವಾರದಿಂದ ಉಪವಾಸ ಪ್ರಾರ್ಥನೆ. ಭಾನುವಾರ ಮೇಜಿನ ರೊಟ್ಟಿ ಬಾಯಿಗಿಡುವವರೆಗೆ ಅನ್ನ ಮುಟ್ಟುವುದಿಲ್ಲ, ಮೈಯಲ್ಲಿರುವ ಎಡೆಯೆಲ್ಲ ಕರಗಿಹೋಗಬೇಕು.

ಅವ್ವನಿಗೆ ಸಕ್ಕರೆ ಕಾಯಿಲೆ. ನಾನು ಹೆದರಿ, "ಮಾತ್ರೆ ಗತಿ ಏನು?" ಎಂದೆ.

"ಮಾತ್ರೆ ಬಿಡಾಕಿಲ್ಲ. ಡಾಕ್ಟ್ರು ಒಂದಿನಾನೂ ತಪ್ಪುಸ್ಬ್ಯಾಡ ಅಂದವ್ರೆ. ಅದೇನು ಊಟವಾ, ನೀರ್ನಲ್ಲಿ ನುಂಗ್ತೀನಿ."

ಮಾತ್ರೆ ಬಿಡುವುದಿಲ್ಲ ಅಂದಳಲ್ಲ ಎಂದು ನನಗೆ ಸಮಾಧಾನವಾಯಿತು. ಊಟ ಬಿಟ್ಟು ಆ ಮಾತ್ರೆ ನುಂಗುವುದೇ ಅಪಾಯ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸಭೆಯ ನಿಯಮವನ್ನೂ ಡಾಕ್ಟರ ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿದರೆ ಕೆಡುಕೆಲ್ಲಿಂದ ಬರಬೇಕು? ನಮ್ಮವ್ವನಂಥವರು ಮಾತ್ರ ಇಂಥ ತಪ್ಪು ಮಾಡಬಲ್ಲರು.

ಶನಿವಾರ ಸಂಜೆ ನನ್ನ ಬಲವಂತಕ್ಕೆ ಅರ್ಧ ಲೋಟ ಗಂಜಿ ಕುಡಿದು, ಅದಕ್ಕೂ ಕ್ಷಮೆ ಕೇಳಿಕೊಂಡಳು. ಭಾನುವಾರ ಬೆಳಗ್ಗೆ ಅವಳ ಮುಖ ಬಾಡಿತ್ತು. ಬೆಳಗಿನ ಮಾತ್ರೆಯನ್ನು ನೀರಿನಲ್ಲಿ ನುಂಗಿದಳು. ಒಗೆದಿಟ್ಟ ಬಿಳಿ ಸೀರೆ ಉಟ್ಟಳು. ಗಲ್ಲಿಯ ತಿರುವಿನಲ್ಲಿ ಒಮ್ಮೆ ನನ್ನ ಭುಜ ಹಿಡಿದು ನಿಂತು, "ನಂಗೇನಾರ ಆದ್ರೆ ನಮ್ಮವ್ವಂಗೆ ಎಡೆ ವಿಷ್ಯ ಏಳ್ಬ್ಯಾಡ. ಅವ್ಳ್ ಕೈಯಿಂದ್ಲೇ ಆಯ್ತು ಅಂತ ಕೊರಗ್ತಾಳೆ," ಎಂದಳು. ಅವಳು ಸಾಯಲು ತಯಾರಾಗಿ ಹೊರಟಿದ್ದಾಳೆ ಎಂದು ನನಗೆ ಆಗ ಅರ್ಥವಾಯಿತು. ಕೈ ಹಿಡಿದು ಮನೆಗೆ ಎಳೆದೆ, ಕೊಡವಿಕೊಂಡು ಮುಂದೆ ನಡೆದಳು.

ಅವಳು ಮುಂದಿನ ಚಾಪೆಗೆ ಹೋದಳು, ನಾನು ಹಿಂದಿನ ಚಾಪೆಗೆ. ಹಾಡು ಮುಗಿಯಿತು, ಬೋಧನೆ ಮುಗಿಯಿತು. ಏನು ಬೋಧಿಸಿದರೋ, ಒಂದಕ್ಷರ ನನ್ನ ಕಿವಿಗೆ ಬೀಳಲಿಲ್ಲ. ನಾನು ಅವ್ವನ ಬೆನ್ನನ್ನೇ ನೋಡುತ್ತಿದ್ದೆ. ಪಾಸ್ಟರು ಕಣ್ಣು ಮುಚ್ಚಿ, ಶೋಧಿಸಿಕೊಳ್ಳಿ ಎಂದು ಮೌನವಾದರು. ಏಳವ್ವ, ಎದ್ದು ಬಾ, ಇಲ್ಲೇ ಜಾಗವಿದೆ ಎಂದು ನಾನು ಮನಸ್ಸಿನಲ್ಲೇ ಕರೆದೆ. ಅವಳ ತಲೆ ಸ್ವಲ್ಪ ಅಲುಗಿತು. ಒಂದು ಕೈ ನೆಲಕ್ಕೆ ಊರಿದಳು. ಏಳುತ್ತಾಳೆ ಅಂದುಕೊಂಡೆ. ಏಳಲಿಲ್ಲ.

ರೊಟ್ಟಿಗೂ ಜಗ್ಗಿಗೂ ಪ್ರಾರ್ಥನೆಯಾಯಿತು. ತಟ್ಟೆ ಕೈಯಿಂದ ಕೈಗೆ ಬಂತು. ನಮ್ಮಲ್ಲಿ ತುಂಡನ್ನು ಅಂಗೈಯಲ್ಲಿ ಹಿಡಿದಿದ್ದು ಎಲ್ಲರೂ ಒಟ್ಟಿಗೆ ತಿನ್ನುವುದು. ಅವ್ವನೂ ತಗೊಂಡಳು. ಹಾಗೆ ತಗೊಂಡ ಕೈ ಗಡಗಡ ನಡುಗುವುದು ನನಗೆ ಹಿಂದಿನಿಂದಲೇ ಕಂಡಿತು. ಅವಳ ರವಿಕೆಯ ಬೆನ್ನು ಒದ್ದೆಯಾಗಿತ್ತು. ಯಾರಿಗೂ ಅಷ್ಟು ಸೆಕೆಯಾಗುತ್ತಿರಲಿಲ್ಲ. ನೋಡುನೋಡುತ್ತಿದ್ದಂತೆ ನೆಟ್ಟಗಿದ್ದ ಆ ಬೆನ್ನು ಪಕ್ಕಕ್ಕೆ ವಾಲಿತು.

ನಾನು ಕಿರುಚಲಿಲ್ಲ. ಓಡಲೂ ಇಲ್ಲ. ನನ್ನ ಮೈ ಕಲ್ಲಾಗಿತ್ತು. ಪಾಠ ಹೇಳುವವಳು, ಪೇಪರು ಓದುವವಳು, ಆ ಗಳಿಗೆಯಲ್ಲಿ ನಾನು ಪೂರ್ತಿಯಾಗಿ ನಂಬಿದ್ದು ಒಂದನ್ನೇ: ಬಂತು, ಶಿಕ್ಷೆ ಬಂತು, ಮುಟ್ಟಿದ್ದಕ್ಕೇ ಬಂತು. ಮುಂದಿನ ಚಾಪೆಯ ಹೆಂಗಸರೂ ಅದನ್ನೇ ನಂಬಿರಬೇಕು. ಅವಳನ್ನು ಹಿಡಿಯುವ ಬದಲು ಒಂದು ಮೊಳ ಹಿಂದಕ್ಕೆ ಸರಿದರು. ಯಾರೋ ಅಳುವ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಅವ್ವನ ಸುತ್ತ ಸಿಮೆಂಟು ನೆಲ ಬರಿದಾಯಿತು. ಕೇರಿಯಿಂದ ಬಂದ ನಮಗೆ ಹಾಗೆ ಸರಿಯುವವರನ್ನು ನೋಡಿ ಗೊತ್ತು. ಸಭೆಯಲ್ಲಿ ಅದನ್ನು ನೋಡಿದ್ದು ಅದೇ ಮೊದಲು.

ನನ್ನ ಪಕ್ಕದ ಹೂವಿನವಳು ಎದ್ದು ಓಡಿದಳು. ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟಿದಳು. ಅದನ್ನು ಕಂಡ ಮೇಲೆಯೇ ನನಗೆ ಕಾಲು ಬಂದದ್ದು. ಹೋಗಿ ಮುಟ್ಟಿದರೆ ಅವ್ವನ ಹಣೆ ತಣ್ಣಗೆ ಜಿನುಗುತ್ತಿತ್ತು, ಕಣ್ಣು ಅರ್ಧ ತೆರೆದಿತ್ತು, ಏನೋ ತೊದಲುತ್ತಿದ್ದಳು.

ಪಾಸ್ಟರು ಮೇಜು ಬಿಟ್ಟು ಬಂದು ಮಂಡಿಯೂರಿದರು. "ಏನಾಗಿದೆ ಇವರಿಗೆ? ಕಾಯಿಲೆ ಏನಾದರೂ ಇದೆಯಾ?"

"ಶುಗರ್ ಇದೆ ಅಯ್ಯಾ. ಮಾತ್ರೆ ತಗೊಂಡಿದ್ದಾಳೆ."

"ಬೆಳಗ್ಗೆ ಏನು ತಿಂದರು?"

"ಏನೂ ಇಲ್ಲ. ಶುಕ್ರವಾರದಿಂದ ಉಪವಾಸ."

ಪಾಸ್ಟರಿಗೂ ಅದೇ ಕಾಯಿಲೆ ಇತ್ತು, ಜುಬ್ಬದ ಜೇಬಿಗೆ ಕೈ ಹಾಕಿ ತಡಕಾಡಿದರು, ಇಟ್ಟುಕೊಳ್ಳುವ ಪೆಪ್ಪರಮೆಂಟು ಅವತ್ತು ಇರಲಿಲ್ಲ. ವೇದಿಕೆಯ ಕನ್ನಡ ಬಿಟ್ಟು ಅರಕಲಗೂಡಿನ ಮಾತಿಗೆ ಬಂದು, "ಸಕ್ಕರೆ ಇಳ್ದೋಗೈತೆ. ಸಿಹಿ ಏನಾರ ತನ್ನಿ, ಬೇಗ," ಎಂದು ಕೂಗಿದರು. ಅವರ ಹೆಂಡತಿ ಮನೆಯ ಕಡೆ ಓಡಿದರು. ಮನೆಗೆ ಬೀಗ ಹಾಕಿದ್ದರು, ಬೀಗದ ಕೈ ಎಲ್ಲಿಟ್ಟಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಹೊರಗಿನಿಂದ ಬೀಗ ಜಗ್ಗುವ ಸದ್ದು ಕೇಳುತ್ತಿತ್ತು. ಅವ್ವನ ತೊದಲು ನಿಧಾನವಾಗುತ್ತಿತ್ತು.

ಪಾಸ್ಟರು ಎದ್ದು ನಿಂತು ಮೇಜಿನ ಕಡೆ ನೋಡಿದರು. ಹೋಗಿ ಜಗ್ಗು ಎತ್ತಿಕೊಂಡು ಬಂದರು. ಹೂವಿನವಳು ಅವ್ವನ ತಲೆ ಎತ್ತಿ ಹಿಡಿದಳು. ಜಗ್ಗು ತುಟಿಗೆ ತಾಗಿದ್ದೇ ತಡ, ಅರೆಪ್ರಜ್ಞೆಯಲ್ಲಿದ್ದ ಅವ್ವ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬ್ಯಾಡ. ನಾನ್ ಕುಡೀಬಾರ್ದು. ಎಡೆ ತಿಂದಿವ್ನಿ," ಎಂದಳು. ಆಮೇಲೆ ಇನ್ನೂ ಗಟ್ಟಿಯಾಗಿ, "ಸತ್ತೋರ್ಗಿಟ್ಟ ಎಡೆ ತಿಂದಿವ್ನಿ, ಗೊತ್ತಿದ್ದೂ ತಿಂದಿವ್ನಿ."

ಅದು ಇಡೀ ಸಭೆಗೆ ಕೇಳಿಸಿತು. ಪಾಸ್ಟರ ಕೈ ನಿಂತಿತು. ನನ್ನ ಬದುಕಿನಲ್ಲಿ ನಾನು ಅಷ್ಟು ಹೆದರಿದ್ದು ಆ ಮೊದಲೂ ಇಲ್ಲ, ಆಮೇಲೂ ಇಲ್ಲ. ಜಗ್ಗು ಅವ್ವನ ತುಟಿಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಆ ಗಡಸು ಮುಖ ಏನು ಮಾಡುತ್ತದೆ? ಅವರು ಪ್ರತಿ ತಿಂಗಳು ಎಚ್ಚರಿಸುತ್ತಿದ್ದುದು ಇದನ್ನೇ ತಾನೇ. ಇವಳಿಗೆ ಕೊಟ್ಟರೆ ಶಿಕ್ಷೆ ಕುಡಿಸಿದಂತೆ, ಕೊಡದಿದ್ದರೆ ಸಾಯುತ್ತಾಳೆ. ನಾನು ಅವರ ಕಣ್ಣನ್ನು ನೋಡಿದೆ. ಅವರೂ ಹೆದರಿದ್ದರು. ದೇವರ ಮೇಲಾಣೆ, ನನ್ನಷ್ಟೇ ಹೆದರಿದ್ದರು.

ಒಂದು ಕೈಯನ್ನು ಅವ್ವನ ಹಣೆಯ ಮೇಲಿಟ್ಟರು.

"ಬಾಯ್ ತಗಿಯವ್ವ," ಎಂದರು. "ಇದು ಇರಾದೇ ಅದ್ಕೆ."

ಅವ್ವ ಬಾಯಿ ತೆರೆದಳು. ಅವರು ಸ್ವಲ್ಪಸ್ವಲ್ಪವೇ ಹೊಯ್ದರು, ಅವಳು ಗುಟುಕುಗುಟುಕಾಗಿ ನುಂಗಿದಳು. ರಸ ಗಲ್ಲಕ್ಕಿಳಿದು ಬಿಳಿ ಸೀರೆಯೆಲ್ಲ ಕೆಂಪಾಯಿತು, ಹೂವಿನವಳ ಮಡಿಲು ಕೆಂಪಾಯಿತು. ಪಾಸ್ಟರು ನಿಲ್ಲಿಸಲಿಲ್ಲ. ಜಗ್ಗಿನ ತಳ ಕಾಣುವವರೆಗೆ ಕುಡಿಸಿದರು. ಅಷ್ಟರಲ್ಲಿ ಅವರ ಹೆಂಡತಿ ಸಕ್ಕರೆ ಡಬ್ಬಿ ಹಿಡಿದು ಓಡಿಬಂದು, ಜಗ್ಗು ನೋಡಿ, ಬಾಗಿಲಲ್ಲೇ ನಿಂತುಬಿಟ್ಟರು.

ಆ ಭಾನುವಾರ ಇಡೀ ಸಭೆಯಲ್ಲಿ ಮೇಜಿನಿಂದ ಕುಡಿದವಳು ನಮ್ಮವ್ವ ಒಬ್ಬಳೇ. ಮುಂದಿನ ಚಾಪೆಯವರು ಕೈಯಲ್ಲಿ ರೊಟ್ಟಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು.

ನಾನೂ ಹೂವಿನವಳೂ ಅವ್ವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗ್ಲೂಕೋಸ್ ಹಾಕಿದರು. ಊಟವಿಲ್ಲದೆ ಆ ಮಾತ್ರೆ ನುಂಗಿದರೆ ಪ್ರಾಣಕ್ಕೇ ಸಂಚಕಾರ, ಇಲ್ಲಿಗೆ ಬರುವ ಮೊದಲು ಸಿಹಿ ಕುಡಿಸಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಬೈಸಿಕೊಳ್ಳುವುದು ಅವತ್ತು ಹಾಯಾಗಿತ್ತು. ನಾಡಿ ನೋಡಲು ಬಂದ ನರ್ಸಮ್ಮ, "ಈ ಕೈ ಬಿಡಿ ಅಮ್ಮ," ಎಂದರೂ ಅವ್ವ ಬಲಗೈ ಮುಷ್ಟಿ ಬಿಡಲಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನರ್ಸಮ್ಮ ಇನ್ನೊಂದು ಕೈ ಹಿಡಿದು ನೋಡಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಸೀರೆಯ ಕೆಂಪು ಕಲೆ ನೋಡಿಕೊಂಡಳು. ನಾನು ಸ್ಟೂಲಿನ ಮೇಲೆ ಕೂತು ಇನ್ನೂ ನಡುಗುತ್ತಿದ್ದೆ. ಇಷ್ಟಕ್ಕೆ ಮುಗಿಯಿತೋ, ಇನ್ನೂ ಏನಾದರೂ ಇದೆಯೋ ಎಂದು ನನ್ನ ಹಾಳು ಮನಸ್ಸು ಕೇಳುತ್ತಲೇ ಇತ್ತು. ಈಗಲೂ ಕೆಲವು ಸಲ ಕೇಳುತ್ತದೆ.

"ನಾನು ಎಲ್ರ ಮುಂದೆ ಏಳ್ಬುಟ್ನಾ?" ಎಂದಳು.

"ಹೇಳ್ದೆ."

"ಎಡೆ ವಿಷ್ಯ?"

"ಅದೇ. ಗೊತ್ತಿದ್ದೂ ತಿಂದೆ ಅಂತಾನೂ ಹೇಳ್ದೆ."

ಅವಳು ಕಣ್ಣು ಮುಚ್ಚಿಕೊಂಡಳು. ಮುಷ್ಟಿ ಇನ್ನೂ ಬಿಗಿಯಾಯಿತು. ಉತ್ತರಕ್ಕೆ ಹೆದರಿದವಳ ದನಿಯಲ್ಲಿ ಕೇಳಿದಳು.

"ಪಾಸ್ಟ್ರು ಅದ ಕೇಳುಸ್ಕಂಡಿದ್ದು ಯಾವಾಗ? ಕುಡ್ಸಾಕ್ ಮೊದ್ಲಾ, ಕುಡ್ಸುದ್ ಮ್ಯಾಲಾ?"

"ಮೊದ್ಲು," ಎಂದೆ.

"ಸುಳ್ ಏಳ್ಬ್ಯಾಡ."

"ಇಲ್ಲ ಕಣವ್ವ. ಮೊದ್ಲು ಕೇಳಿಸ್ಕೊಂಡ್ರು. ಆಮೇಲೇ ಕುಡಿಸಿದ್ದು."

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಕಣ್ಣೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಮುಷ್ಟಿ ಬಿಚ್ಚಿದಳು. ಬೆವರಿಗೆ ನೆನೆದು ಹಿಟ್ಟಿನ ಮುದ್ದೆಯಂತಾಗಿದ್ದ ರೊಟ್ಟಿಯ ತುಂಡು ಅಂಗೈಗೆ ಅಂಟಿಕೊಂಡಿತ್ತು. ಅದನ್ನು ತುಟಿಯಿಂದಲೇ ಬಿಡಿಸಿ, ಒಂದು ಚೂರೂ ಉಳಿಯದಂತೆ ತಿಂದಳು.

ಆಮೇಲೆ, "ಒಟ್ಟೆ ಅಸೀತೈತೆ ಕಣವ್ವ. ಕ್ಯಾಂಟೀನ್ನಾಗೆ ಇಡ್ಲಿ ಉಳ್ದೈತಾ ನೋಡು," ಎಂದಳು. "ಆ ಊವಿನೋಳು ಒರ್ಗಡೆ ಅವ್ಳಾ? ಅವ್ಳೂ ಬೆಳ್ಗಿಂದ ಏನೂ ತಿಂದಿರಾಕಿಲ್ಲ. ಒಳೀಕ್ ಕರಿ."